ಕಣ್ಣಿನ ಶಿಬಿರದ ವರದಿಯಲ್ಲಿ ಕಾಣದ ನಾಲ್ಕನೇ ಅಂಕಿ

ಉಚಿತ ಕಣ್ಣಿನ ತಪಾಸಣಾ ಶಿಬಿರ ಮುಗಿದ ಸಂಜೆ ನಮ್ಮಂಥ ಜಿಲ್ಲಾ ಸುದ್ದಿಗಾರರ ಮೊಬೈಲಿಗೆ ಬರುವ ಪತ್ರಿಕಾ ಹೇಳಿಕೆಗಳೆಲ್ಲ ಹೆಚ್ಚು ಕಡಿಮೆ ಒಂದೇ ತರಹ ಇರುತ್ತವೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ವೇದಿಕೆ ಮೇಲಿದ್ದ ಗಣ್ಯರು. ಕೊನೆಯ ಪ್ಯಾರಾದಲ್ಲಿ ಮೂರು ಅಂಕಿ: ಇಷ್ಟು ಜನರ ತಪಾಸಣೆ, ಇಷ್ಟು ಕನ್ನಡಕ ವಿತರಣೆ, ಇಷ್ಟು ಮಂದಿ ಪೊರೆ ಶಸ್ತ್ರಚಿಕಿತ್ಸೆಗೆ ಆಯ್ಕೆ. ಆ ಪ್ಯಾರಾದಲ್ಲಿ ನಾಲ್ಕನೇ ಅಂಕಿಯೊಂದು ಇರಲೇಬೇಕು ಎಂಬುದು ನಮ್ಮ ವಾದ. ಬಂದವರಲ್ಲಿ ಎಷ್ಟು ಜನರ ಕಣ್ಣಿನ ಒಳಗಿನ ನರವನ್ನು ನೋಡಲಾಯಿತು?

ಹೀಗೆ ಕೇಳಲು ಕಾರಣ ಗ್ಲಾಕೋಮಾ. ನಮ್ಮ ಹಳ್ಳಿಗಳಲ್ಲಿ ಇದನ್ನು 'ಕಣ್ಣಿನ ಬಿ.ಪಿ.' ಅನ್ನುವವರಿದ್ದಾರೆ. ಕಣ್ಣಿನೊಳಗೆ ಒಂದು ದ್ರವ ಸದಾ ಉತ್ಪತ್ತಿಯಾಗುತ್ತಿರುತ್ತದೆ, ಸದಾ ಹೊರಗೆ ಹರಿದು ಹೋಗುತ್ತಿರುತ್ತದೆ. ಹರಿದು ಹೋಗುವ ದಾರಿಯಲ್ಲಿ ತಡೆಯಾದರೆ ಒಳಗಿನ ಒತ್ತಡ ಏರುತ್ತದೆ. ನೋಟವನ್ನು ಮಿದುಳಿಗೆ ಒಯ್ಯುವ ನರ ನಿಧಾನವಾಗಿ ಸವೆಯುತ್ತದೆ. ಪೊರೆಯಿಂದ ಮಂಜಾದ ಕಣ್ಣು ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಕಾಣುತ್ತದೆ. ನರ ಸತ್ತು ಹೋದ ನೋಟ ಯಾವ ಆಪರೇಷನ್‌ನಿಂದಲೂ ಮರಳುವುದಿಲ್ಲ. ಉಳಿದಿರುವುದನ್ನು ಕಾಪಾಡಿಕೊಳ್ಳಬಹುದು, ಅಷ್ಟೇ. ಆದ್ದರಿಂದ ಇಲ್ಲಿ ಯಾವಾಗ ಪತ್ತೆಯಾಯಿತು ಎಂಬುದೇ ಎಲ್ಲಕ್ಕಿಂತ ದೊಡ್ಡ ಮಾತು.

ಪತ್ತೆ ಎಷ್ಟು ಆಗುತ್ತಿದೆ? ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯವರು ತಮಿಳುನಾಡಿನ ಹಳ್ಳಿಗಳಲ್ಲಿ 40 ವರ್ಷ ದಾಟಿದ 5,150 ಜನರನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 2.6 ಜನರಿಗೆ ಗ್ಲಾಕೋಮಾ ಇತ್ತು. ಅಂದರೆ ಆ ವಯಸ್ಸಿನ ಸಾವಿರ ಜನರಲ್ಲಿ 26 ಮಂದಿಗೆ. ಅದರಲ್ಲಿ ಹೆಚ್ಚು ಕಂಡುಬಂದ ಬಗೆಯ ಗ್ಲಾಕೋಮಾ ಇದ್ದವರಲ್ಲಿ ಶೇ. 93 ಜನಕ್ಕೆ ಅದು ಇರುವುದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಐದರಲ್ಲಿ ಒಬ್ಬರು ಆಗಲೇ ಒಂದು ಅಥವಾ ಎರಡೂ ಕಣ್ಣು ಕಳೆದುಕೊಂಡಿದ್ದರು. ದೇಶದಲ್ಲಿ 40 ದಾಟಿದವರಲ್ಲಿ ಸುಮಾರು 1.12 ಕೋಟಿ ಜನರಿಗೆ ಗ್ಲಾಕೋಮಾ ಇದೆ ಎಂದು 2010ರಲ್ಲಿ ಸಂಶೋಧಕರು ಅಂದಾಜಿಸಿದ್ದರು.

ಶೇ. 93 ಜನರಿಗೆ ಗೊತ್ತಾಗದೆ ಇರುವುದಕ್ಕೆ ಹಳ್ಳಿಯವರ ಅಜ್ಞಾನ ಕಾರಣ ಎಂದು ಭಾಷಣದಲ್ಲಿ ಹೇಳುವವರಿದ್ದಾರೆ. ಸಂಶೋಧನೆ ಹಾಗೆ ಹೇಳುವುದಿಲ್ಲ. ಪ್ರತಿ ವರ್ಷ ಮಾರ್ಚ್‌ನಲ್ಲಿ ವಿಶ್ವ ಗ್ಲಾಕೋಮಾ ಸಪ್ತಾಹ ಬರುತ್ತದೆ. ಆಗ ಫ್ಲೆಕ್ಸ್‌ಗಳಲ್ಲಿ ಒಂದು ಚಿತ್ರ ಇರುತ್ತದೆ: ಸುತ್ತಲೂ ಕಪ್ಪು, ನಡುವೆ ಕೊಳವೆಯಲ್ಲಿ ನೋಡಿದಂತೆ ಸಣ್ಣ ಬೆಳಕು. ಲಂಡನ್ನಿನ ಸಂಶೋಧಕರು ಇಂಥ ಹಲವು ಚಿತ್ರಗಳನ್ನು 50 ಗ್ಲಾಕೋಮಾ ರೋಗಿಗಳ ಮುಂದಿಟ್ಟು, ನಿಮಗೆ ಕಾಣುವುದು ಇದರಲ್ಲಿ ಯಾವ ತರಹ ಎಂದು ಕೇಳಿದರು. ಆ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಪ್ಪು ಕೊಳವೆಯ ಚಿತ್ರವನ್ನು ಒಬ್ಬರೂ ಆರಿಸಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಅಲ್ಲಲ್ಲಿ ಮಸುಕಾದ ಚಿತ್ರ ತೋರಿಸಿದರು. ಕೆಲವರು ಅಲ್ಲಲ್ಲಿ ವಸ್ತುಗಳೇ ಮಾಯವಾದ ಚಿತ್ರ ತೋರಿಸಿದರು. ಶೇ. 26 ಜನ ನಮ್ಮ ನೋಟದಲ್ಲಿ ಯಾವ ಕೊರತೆಯೂ ಇಲ್ಲ ಅಂದರು. ಕಾಣದ ಜಾಗವನ್ನು ಮಿದುಳು ತಾನೇ ತುಂಬಿಕೊಂಡುಬಿಡುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಹಾಕುತ್ತದೆ. ಕಪ್ಪು ಕಾಣಿಸಿದಾಗ ಆಸ್ಪತ್ರೆಗೆ ಹೋಗೋಣ ಎಂದು ಕಾಯುವ ರೈತನಿಗೆ ಆ ಕಪ್ಪು ಕಾಣಿಸುವುದೇ ಇಲ್ಲ.

ನಮ್ಮ ತಾಲೂಕಿನ ಹಿರಿಯರೊಬ್ಬರ ಕತೆ ಹೀಗೆಯೇ. ಎರಡು ಶಿಬಿರಕ್ಕೆ ಹೋಗಿದ್ದರು. ಪೊರೆ ಇಲ್ಲ, ಚಾಳೀಸು ಸಾಕು ಎಂದು ಕಳಿಸಿದ್ದರು. ಒಂದು ದಿನ ಬಲಗಣ್ಣಿಗೆ ಕಸ ಬಿದ್ದು ಅದನ್ನು ಮುಚ್ಚಿಕೊಂಡಾಗ ಎಡಗಣ್ಣಿನಲ್ಲಿ ಏನೂ ಕಾಣುತ್ತಿಲ್ಲ ಎಂಬುದು ತಿಳಿಯಿತು. "ಕ್ಯಾಂಪಿನಾಗ ಎಲ್ಲಾ ಚಲೋ ಐತಿ ಅಂದಿದ್ರಲ್ರೀ" ಅನ್ನುತ್ತಾರೆ. ಅವರಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಶಿಬಿರದಲ್ಲಿ ಹುಡುಕಿದ್ದು ಪೊರೆಯನ್ನು. ಪೊರೆ ಇರಲಿಲ್ಲ.

ಪೊರೆಯ ಶಿಬಿರಗಳನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಡಾ. ಎಂ.ಸಿ. ಮೋದಿ ಅವರು ಊರೂರು ತಿರುಗಿ ಲಕ್ಷಾಂತರ ಜನರ ಪೊರೆ ತೆಗೆದ ನಾಡು ಇದು. ಅವರ ಹೆಸರು ಹೇಳಿದರೆ ಈಗಲೂ ಕೈ ಮುಗಿಯುವ ಅಜ್ಜಂದಿರು ನಮ್ಮ ಊರುಗಳಲ್ಲಿದ್ದಾರೆ. ಕುರುಡುತನ ಎಂದರೆ ಪೊರೆ, ಪೊರೆ ತೆಗೆದರೆ ಬೆಳಕು ಎಂಬ ನಂಬಿಕೆ ಬೆಳೆದದ್ದು ಆ ಶಿಬಿರಗಳಿಂದ. ಆ ಕಾಲಕ್ಕೆ ಅದು ಸರಿ ಇತ್ತು. ಈಗ ಆಶಾಕಿರಣದಂಥ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಣ್ಣಿನ ತಪಾಸಣೆ ಮಾಡುತ್ತಿದ್ದಾರೆ, ಬೇಕಾದವರಿಗೆ ಉಚಿತ ಕನ್ನಡಕ ಸಿಗುತ್ತಿದೆ. ಅಕ್ಷರದ ಚಾರ್ಟು ಓದಿಸಿ ನೋಡಿದರೆ ನಡು ನೋಟ ಹೇಗಿದೆ ಎಂಬುದು ತಿಳಿಯುತ್ತದೆ. ಗ್ಲಾಕೋಮಾ ನಡು ನೋಟಕ್ಕೆ ಬರುವುದು ಸಾಮಾನ್ಯವಾಗಿ ಕೊನೆಗೆ. ಕೊನೆಯ ಸಾಲಿನವರೆಗೂ ಓದಿದವರಿಗೂ ಗ್ಲಾಕೋಮಾ ಇರಬಹುದು.

ಹಾಗಾದರೆ ಒತ್ತಡ ಅಳೆದರೆ ಸಾಕಲ್ಲವೇ? ಸಾಲದು. ಕಣ್ಣಿನ ಒತ್ತಡ 21ರೊಳಗೆ ಇದ್ದರೆ ನಾರ್ಮಲ್ ಅನ್ನುತ್ತಾರೆ. ಜಪಾನಿನ ತಾಜಿಮಿ ಎಂಬ ಊರಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದ್ರವದ ದಾರಿ ತೆರೆದೇ ಇರುವ ಬಗೆಯ ಗ್ಲಾಕೋಮಾ ಇದ್ದವರ ಪೈಕಿ ಶೇ. 92 ಜನರ ಒತ್ತಡ 21 ಅಥವಾ ಅದಕ್ಕಿಂತ ಕಡಿಮೆ ಇತ್ತು. ಜಪಾನಿನಲ್ಲಿ ಈ ಪ್ರಮಾಣ ಜಾಸ್ತಿ. ಆದರೆ ಒಂದೇ ಸಲದ ಅಳತೆ ನಂಬಿ ಯಾರನ್ನೂ ಮನೆಗೆ ಕಳಿಸಬಾರದು ಎಂಬುದು ಎಲ್ಲ ಕಡೆಗೂ ಅನ್ವಯಿಸುವ ಮಾತು. ಒತ್ತಡ ಅಳೆಯಬೇಕು, ನರವನ್ನೂ ನೋಡಬೇಕು. ಕನ್ನಡಿಯಂಥ ಸಣ್ಣ ಮಸೂರವನ್ನು ಕಣ್ಣಿಗೆ ತಾಗಿಸಿ ದ್ರವ ಹೋಗುವ ಮೂಲೆ ತೆರೆದಿದೆಯೋ ಮುಚ್ಚಿದೆಯೋ ಎಂದು ನೋಡುವ ಗೋನಿಯೋಸ್ಕೋಪಿ ಪರೀಕ್ಷೆಯನ್ನು ತಜ್ಞರು ಮಾಡಬೇಕು. ಈ ಕೊನೆಯದು ಶಿಬಿರದ ಕೆಲಸ ಅಲ್ಲ, ದೊಡ್ಡ ಆಸ್ಪತ್ರೆಯದು. ನರ ನೋಡುವ ಕೆಲಸ ಶಿಬಿರದಲ್ಲೇ ಆಗಬಹುದು. ಮೊಬೈಲ್ ಫೋನಿಗೆ ಜೋಡಿಸಿದ ಕ್ಯಾಮೆರಾದಲ್ಲಿ ಕಣ್ಣಿನ ಒಳಭಾಗದ ಫೋಟೊ ತೆಗೆದು, ಇಂಟರ್ನೆಟ್ ಇಲ್ಲದೆಯೇ ಕೃತಕ ಬುದ್ಧಿಮತ್ತೆಯಿಂದ ಗ್ಲಾಕೋಮಾ ಸಂಶಯ ಹೇಳಿಸುವ ಪ್ರಯೋಗ ಬೆಂಗಳೂರಿನಲ್ಲಿ ನಡೆದಿದೆ. ಅದು ನಡೆದದ್ದು ತಜ್ಞರಿರುವ ಆಸ್ಪತ್ರೆಯಲ್ಲಿ. ಹಳ್ಳಿಯಲ್ಲಿ ಅಷ್ಟೇ ನಿಖರವಾಗಿರುತ್ತದೆ ಎಂದುಕೊಳ್ಳಬಾರದು, ಮೊದಲು ಹಳ್ಳಿಯಲ್ಲೇ ಪರೀಕ್ಷಿಸಬೇಕು.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಲಕ್ಷಣ ಇಲ್ಲದ ಎಲ್ಲ ವಯಸ್ಕರನ್ನೂ ಗ್ಲಾಕೋಮಾಗಾಗಿ ತಪಾಸಣೆ ಮಾಡುವುದು ಲಾಭವೋ ಅಲ್ಲವೋ ಎಂದು ಹೇಳಲು ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ರೋಗತಡೆ ಸಲಹಾ ಕಾರ್ಯಪಡೆ 2022ರಲ್ಲಿ ಹೇಳಿತು. ಊರಿಗೆ ಊರನ್ನೇ ಸಾಲು ನಿಲ್ಲಿಸಿದರೆ ಇಲ್ಲದ ರೋಗದ ಸಂಶಯ ಹೊತ್ತು ಜಿಲ್ಲಾಸ್ಪತ್ರೆಗೆ ಅಲೆಯುವವರೇ ಹೆಚ್ಚಾಗಬಹುದು. ಸಂಶಯ ಬಂದವರಿಗೆಲ್ಲ ಚಿಕಿತ್ಸೆಯೂ ಬೇಕಾಗುವುದಿಲ್ಲ. ಚೀನಾದ ಗುವಾಂಗ್‌ಝೌನಲ್ಲಿ ದ್ರವದ ಮೂಲೆ ಕಿರಿದಾಗಿದ್ದ 889 ಜನರ ಒಂದೊಂದು ಕಣ್ಣಿಗೆ ಮುಂಜಾಗ್ರತೆಯಾಗಿ ಲೇಸರ್ ಮಾಡಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಆರು ವರ್ಷ ಗಮನಿಸಿದರು. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ ಲೇಸರ್ ಆದ 19 ಕಣ್ಣು, ಆಗದ 36 ಕಣ್ಣು ಮುಂದಿನ ಹಂತಕ್ಕೆ ಹೋಗಿದ್ದವು. ಲೇಸರ್‌ನಿಂದ ಲಾಭ ಇತ್ತು, ಆದರೆ ಅಪಾಯವೇ ಸಣ್ಣದಾಗಿದ್ದರಿಂದ ಇಂಥ ಎಲ್ಲರಿಗೂ ಲೇಸರ್ ಬೇಡ ಎಂದು ಸಂಶೋಧಕರು ಹೇಳಿದರು. 'ಮೂಲೆ ಕಿರಿದಾಗಿದೆ, ನಾಳೆಯೇ ಲೇಸರ್ ಮಾಡಿಸಿ' ಎಂದು ಯಾರಾದರೂ ಅವಸರ ಮಾಡಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ. ಕಣ್ಣು ಕೆಂಪಾಗಿ, ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಉಂಗುರ ಕಂಡರೆ ಮಾತ್ರ ತಡಮಾಡದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಈ ಆಕ್ಷೇಪವನ್ನು ಒಪ್ಪಿಕೊಂಡೇ ನಾವು ಕೇಳುತ್ತಿರುವುದು ಬೇರೆ. ಮನೆಯಲ್ಲಿದ್ದವರನ್ನು ಎಳೆದು ತನ್ನಿ ಅನ್ನುತ್ತಿಲ್ಲ. ಕೂಲಿ ಬಿಟ್ಟು, ಬಸ್ ಹಿಡಿದು, ನಾಲ್ಕು ತಾಸು ಸಾಲಿನಲ್ಲಿ ನಿಂತು ವೈದ್ಯರ ಮುಂದೆ ಕೂತಿರುವ 40 ದಾಟಿದ ಮನುಷ್ಯನ ಕಣ್ಣಿನ ಒಳಗೂ ಒಮ್ಮೆ ನೋಡಿ ಅನ್ನುತ್ತಿದ್ದೇವೆ. ಜೊತೆಗೆ ಒಂದು ಪ್ರಶ್ನೆ ಕೇಳಿ: ನಿಮ್ಮ ಒಡಹುಟ್ಟಿದವರಿಗೆ, ಅಪ್ಪ ಅವ್ವನಿಗೆ ಗ್ಲಾಕೋಮಾ ಇದೆಯಾ? ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೋಗಿಗಳ ಹತ್ತಿರದ ರಕ್ತಸಂಬಂಧಿಗಳಿಗೆ ಜೀವಮಾನದಲ್ಲಿ ಗ್ಲಾಕೋಮಾ ಬರುವ ಸಂಭವ ಶೇ. 22. ರೋಗ ಇಲ್ಲದವರ ಸಂಬಂಧಿಗಳಲ್ಲಿ ಇದು ಶೇ. 2.3. ಹೆಚ್ಚು ಕಡಿಮೆ ಒಂಬತ್ತು ಪಟ್ಟು ವ್ಯತ್ಯಾಸ. ಒಬ್ಬ ರೋಗಿ ಪತ್ತೆಯಾದರೆ ಅವರ ಅಣ್ಣ ತಮ್ಮ ಅಕ್ಕ ತಂಗಿಯರ ಹೆಸರು ಬರೆದುಕೊಂಡು ಕರೆಸುವುದಕ್ಕೆ ಯಾವ ಯಂತ್ರವೂ ಬೇಡ. ಒಂದು ನೋಟ್‌ಬುಕ್ ಸಾಕು. ಕ್ಷಯರೋಗಕ್ಕೆ ಮನೆಮಂದಿಯನ್ನೆಲ್ಲ ತಪಾಸಣೆ ಮಾಡುವ ಪದ್ಧತಿ ನಮ್ಮ ಆಶಾ ಕಾರ್ಯಕರ್ತೆಯರಿಗೆ ಹೊಸದೇನಲ್ಲ.

ಪತ್ತೆ ಮಾಡಿ ಏನು ಉಪಯೋಗ, ಚಿಕಿತ್ಸೆ ಬೇಕಲ್ಲ ಎಂದು ಕೇಳಬಹುದು. ಚಿಕಿತ್ಸೆ ಇದೆ, ಕೆಲಸವನ್ನೂ ಮಾಡುತ್ತದೆ. ಬ್ರಿಟನ್ನಿನಲ್ಲಿ 516 ರೋಗಿಗಳಲ್ಲಿ ಅರ್ಧ ಜನಕ್ಕೆ ಲಟಾನೋಪ್ರೋಸ್ಟ್ ಹನಿ, ಉಳಿದವರಿಗೆ ಔಷಧಿ ಇಲ್ಲದ ಹನಿ ಕೊಟ್ಟು ನೋಡಿದರು. 2015ರ ಫಲಿತಾಂಶದಂತೆ ಎರಡು ವರ್ಷದಲ್ಲಿ ನೋಟ ಇನ್ನಷ್ಟು ಕುಗ್ಗಿದ್ದು ಔಷಧಿ ಪಡೆದವರಲ್ಲಿ ಶೇ. 15.2, ಪಡೆಯದವರಲ್ಲಿ ಶೇ. 25.6. ಈ ಔಷಧಿ 2022ರಲ್ಲಿ ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಗೂ ಸೇರಿದೆ.

ಆದರೆ ಹನಿ ಔಷಧಿ ಜೀವನಪರ್ಯಂತ ಹಾಕಬೇಕು. ಹಾಕಿದರೂ ನೋಟ ಸುಧಾರಿಸಿದಂತೆ ಅನ್ನಿಸುವುದಿಲ್ಲ, ಬಿಟ್ಟರೂ ಕೂಡಲೇ ಕೆಟ್ಟಂತೆ ಅನ್ನಿಸುವುದಿಲ್ಲ. ಲಟಾನೋಪ್ರೋಸ್ಟ್‌ನ ಸಾಮಾನ್ಯ ಬಾಟಲಿಯನ್ನು ತೆರೆಯುವವರೆಗೆ ಫ್ರಿಜ್‌ನಲ್ಲಿ ಇಡಬೇಕು. ಟಿಮೋಲಾಲ್ ಅಗ್ಗ, ಆದರೆ ಆಸ್ತಮಾ ಇದ್ದವರಿಗೆ ಅಪಾಯ. ಕೈ ನಡುಗುವ ಅವ್ವನ ಕಣ್ಣಿಗೆ ದಿನಾ ಹನಿ ಹಾಕಲು ಬೆಂಗಳೂರಿನಲ್ಲಿರುವ ಮಗ ಬರುವುದಿಲ್ಲ. ಬಾಟಲಿ ಖಾಲಿಯಾದ ತಿಂಗಳು ಮಳೆ ಕೈಕೊಟ್ಟಿದ್ದರೆ ಮೊದಲು ನಿಲ್ಲುವುದು ಇಂಥ ಖರ್ಚೇ.

ಅದಕ್ಕೇ ಲೇಸರ್ ಕುರಿತ ಇತ್ತೀಚಿನ ಸಂಶೋಧನೆಗಳು ನಗರಕ್ಕಿಂತ ನಮ್ಮ ಊರುಗಳಿಗೆ ಹೆಚ್ಚು ಮುಖ್ಯ ಅನ್ನುತ್ತೇವೆ. ದ್ರವ ಹೊರಹೋಗುವ ಜಾಲರಿಗೆ ಲೇಸರ್ ಬಿಟ್ಟು ಹರಿವು ಸುಲಭ ಮಾಡುವ ಚಿಕಿತ್ಸೆಯ ಹೆಸರು ಎಸ್‌ಎಲ್‌ಟಿ. ಕೆಲವು ನಿಮಿಷದ ಕೆಲಸ, ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಬ್ರಿಟನ್ನಿನಲ್ಲಿ 718 ಹೊಸ ರೋಗಿಗಳ ಮೇಲೆ ನಡೆದ ಲೈಟ್ ಎಂಬ ಅಧ್ಯಯನದಲ್ಲಿ ಮೊದಲು ಲೇಸರ್ ಪಡೆದವರ ಪೈಕಿ ಶೇ. 74.2 ಜನರಿಗೆ ಮೂರು ವರ್ಷದ ಕೊನೆಯಲ್ಲೂ ಹನಿ ಬೇಕಾಗಿರಲಿಲ್ಲ. ಆರು ವರ್ಷಕ್ಕೆ ಆ ಪ್ರಮಾಣ ಸುಮಾರು ಶೇ. 70. 2022ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಇದನ್ನೇ ಮೊದಲ ಚಿಕಿತ್ಸೆಯಾಗಿ ಸೂಚಿಸಿತು. ನಮಗೆ ಇನ್ನೂ ಹತ್ತಿರದ್ದು ಆಫ್ರಿಕಾದ ತಾಂಜಾನಿಯಾದ ಅಧ್ಯಯನ. ಕಿಲಿಮಂಜಾರೊ ಬೆಟ್ಟದ ಬುಡದ ಮೋಶಿ ಪಟ್ಟಣದಲ್ಲಿ 201 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಲೇಸರ್, ಇನ್ನೊಂದಕ್ಕೆ ಟಿಮೋಲಾಲ್ ಹನಿ ಕೊಟ್ಟರು. ಒಂದು ವರ್ಷದ ನಂತರ ಒತ್ತಡ ಹತೋಟಿಯಲ್ಲಿದ್ದದ್ದು ಲೇಸರ್ ಆದ ಕಣ್ಣುಗಳಲ್ಲಿ ಶೇ. 61, ಹನಿ ಹಾಕಿದ ಕಣ್ಣುಗಳಲ್ಲಿ ಶೇ. 31.

ಲೇಸರ್ ರಾಮಬಾಣ ಅಲ್ಲ. ತಾಂಜಾನಿಯಾದಲ್ಲೂ ನೂರಕ್ಕೆ 39 ಕಣ್ಣುಗಳಲ್ಲಿ ಅದು ಸಾಲಲಿಲ್ಲ. ಪರಿಣಾಮ ವರ್ಷಗಳಲ್ಲಿ ಇಳಿಯಬಹುದು, ಮತ್ತೆ ಮಾಡಬೇಕಾಗಬಹುದು, ದ್ರವದ ಮೂಲೆ ಮುಚ್ಚಿಹೋಗಿರುವ ಬಗೆಗೆ ಇದು ಹೊಂದುವುದಿಲ್ಲ. ಲೇಸರ್ ಮಾಡಿಸಿಕೊಂಡವರೂ ತಪಾಸಣೆಗೆ ಬರುತ್ತಲೇ ಇರಬೇಕು. ಯಂತ್ರ ದುಬಾರಿ, ತರಬೇತಾದ ವೈದ್ಯರು ಬೇಕು. ಆದರೂ ಜಿಲ್ಲೆಗೊಂದು ಯಂತ್ರ ಸರ್ಕಾರಿ ಆಸ್ಪತ್ರೆಯಲ್ಲಿ ಇರಲಿ, ಹನಿ ಔಷಧಿ ತಾಲೂಕು ಆಸ್ಪತ್ರೆಯಲ್ಲಿ ತಪ್ಪದೆ ಸಿಗಲಿ ಎಂದು ಕೇಳುವುದು ಅತಿಯಾಸೆ ಅಲ್ಲ. ಡಯಾಲಿಸಿಸ್ ಯಂತ್ರವನ್ನೂ ಒಂದು ಕಾಲಕ್ಕೆ ಅತಿಯಾಸೆ ಅನ್ನುತ್ತಿದ್ದರು.

ನಮ್ಮ ಜೊತೆ ಓದಿ ಈಗ ಬೇರೆ ಬೇರೆ ತಾಲೂಕಿನಿಂದ ವರದಿ ಕಳಿಸುತ್ತಿರುವ ಗೆಳೆಯ ಗೆಳತಿಯರಲ್ಲಿ ಒಂದು ವಿನಂತಿ. ಮುಂದಿನ ಶಿಬಿರದಲ್ಲಿ, ಮುಂದಿನ ಕೆಡಿಪಿ ಸಭೆಯಲ್ಲಿ ಆರೋಗ್ಯಾಧಿಕಾರಿಗಳನ್ನು ಮೂರು ಮಾತು ಕೇಳೋಣ. 40 ದಾಟಿದ ಎಷ್ಟು ಜನರ ಕಣ್ಣಿನ ನರ ನೋಡಿದಿರಿ? ಸಂಶಯ ಬಂದ ಎಷ್ಟು ಜನ ಜಿಲ್ಲಾಸ್ಪತ್ರೆ ತಲುಪಿದರು? ಗ್ಲಾಕೋಮಾ ಹನಿ ಈ ತಿಂಗಳು ತಾಲೂಕು ಆಸ್ಪತ್ರೆಯಲ್ಲಿ ದಾಸ್ತಾನು ಇದೆಯಾ? ಉತ್ತರ ಏನೇ ಬರಲಿ, ಅದನ್ನು ವರದಿಯಲ್ಲಿ ಬರೆಯೋಣ. ಅಂಕಿ ಕೇಳುವವರಿದ್ದರೆ ಕೆಲಸ ಮಾಡುವವರೂ ಹುಟ್ಟಿಕೊಳ್ಳುತ್ತಾರೆ.

ಓದುಗರಿಗೆ ಎರಡು ಮಾತು. ಕಣ್ಣು ಕೆಂಪಾಯಿತು, ತುರಿಸಿತು ಎಂದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸ್ಟೀರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಬೇಡಿ. ಅದರಿಂದಲೇ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಇನ್ನು, ನಿಮ್ಮ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆ ಎಂದು ಗೊತ್ತಾಗಿದ್ದರೆ ಇವತ್ತೇ ಅವರ ಒಡಹುಟ್ಟಿದವರಿಗೆ ಫೋನ್ ಮಾಡಿ. ನಮ್ಮ ತಾಲೂಕಿನ ಆ ಹಿರಿಯರಿಗೆ ಇಬ್ಬರು ತಮ್ಮಂದಿರಿದ್ದಾರೆ, ಒಬ್ಬ ತಂಗಿ ಇದ್ದಾರೆ. ಮೂವರೂ 40 ದಾಟಿದವರು. ಇದನ್ನು ಬರೆಯುವ ಹೊತ್ತಿಗೆ ಕಣ್ಣು ತೋರಿಸಿಕೊಂಡು ಬಂದಿರುವುದು ತಂಗಿ ಮಾತ್ರ.