ಕೂಸಿಗೇನು ತಿಳಿಯುವದು?

ನಮ್ಮ ಕಡೆಯ ಮನೆಗಳಲ್ಲಿ ಎದ್ದರೆ ಬಿದ್ದರೆ ಕೇಳಬರುವ ಮಾತೊಂದುಂಟು: “ಕೂಸಿಗೇನು ತಿಳೀತದ?” ಕೂಸಿನ ಎದುರು ಜಗಳವಾಡುವವರೂ, ಅದನ್ನು ತೊಟ್ಟಿಲಲ್ಲಿ ಒಂಟಿಯಾಗಿ ಬಿಟ್ಟು ಹೋಗುವವರೂ ಇದನ್ನೇ ಅನ್ನುವರು. ಓದುಬರಹ ಬಲ್ಲ ನಾವಾದರೂ ಶಿಕ್ಷಣವು ಪಾಟಿ ಹಿಡಿದ ದಿನದಿಂದ ಮೊದಲಾಗುವದೆಂದೇ ನಂಬಿರುವೆವು. ಈ ನಂಬಿಕೆ ಸುಳ್ಳೆಂದೂ, ಇದರ ದಂಡವನ್ನು ನಮ್ಮ ಜಿಲ್ಲೆಯ ದುಡಿಯುವ ತಾಯಂದಿರ ಕೂಸುಗಳು ತೆರಬೇಕಾಗಿದೆಯೆಂದೂ ತೋರಿಸುವದೇ ಈ ಲೇಖನದ ಉದ್ದೇಶ.

ಹುಟ್ಟಿದ ಕೂಸಿನ ಮೆದುಳಿನ ತೂಕವು ಬೆಳೆದವರ ಮೆದುಳಿನ ಕಾಲುಭಾಗದಷ್ಟಿರುವದು; ಮೂರು ವರ್ಷ ತುಂಬುವಷ್ಟರಲ್ಲಿ ಅದು ಸುಮಾರು ಐದರಲ್ಲಿ ನಾಲ್ಕು ಪಾಲಿನಷ್ಟಾಗುವದು. ಆ ಮೊದಲ ವರ್ಷಗಳಲ್ಲಿ ನರಕೋಶಗಳ ನಡುವೆ ಸೆಕೆಂಡಿಗೆ 10 ಲಕ್ಷಕ್ಕೂ ಮಿಕ್ಕಿ ಹೊಸ ಕೂಡಿಕೆಗಳು ಏರ್ಪಡುವವೆಂದು ಶಾಸ್ತ್ರಜ್ಞರು ಎಣಿಸಿರುವರು. ಬಳಕೆಯಲ್ಲಿರುವ ಕೂಡಿಕೆ ಬಲಿಯುವದು, ಬಳಕೆಯಿಲ್ಲದ್ದು ಕಳಚಿಹೋಗುವದು. ಬಳಕೆಯೆಂದರೇನು? ಕೂಸು ಕೇಕೆ ಹಾಕಿದಾಗ ತಾಯಿ ತಿರುಗಿ ನಗುವದು, ಅದು ಬೆರಳು ಮಾಡಿದಾಗ ಅಜ್ಜಿ “ಅದು ಗುಬ್ಬಿ” ಎನ್ನುವದು, ಅತ್ತಾಗ ಯಾರಾದರೂ ಎತ್ತಿಕೊಳ್ಳುವದು. ಅತ್ತರೂ ಕೇಳುವವರಿಲ್ಲದೆ ನಿತ್ಯವೂ ಅಂಜಿಕೆಯಲ್ಲಿ ಬೆಳೆಯುವ ಕೂಸಿನಲ್ಲಿ ಕಲಿಯುವ ಶಕ್ತಿಯೇ ಕುಂದುವದು.

ಇದಕ್ಕೆ ಪ್ರಮಾಣವೂ ಉಂಟು. ಜಮೈಕಾ ದ್ವೀಪದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ಸರಿಯಾಗಿ ಬೆಳೆಯದ 129 ಬಡಮಕ್ಕಳನ್ನು ಆರಿಸಿಕೊಂಡರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಸೇವಿಕೆಯು ಎರಡು ವರ್ಷ, ವಾರಕ್ಕೊಂದು ತಾಸು ಹೋಗಿ, ಮಗುವಿನೊಡನೆ ಆಡುವ, ಮಾತಾಡುವ ಬಗೆಯನ್ನು ತಾಯಿಗೆ ತೋರಿಸಿಕೊಟ್ಟಳು. ಆಟಿಕೆಗಳೂ ಮನೆಯಲ್ಲೇ ಮಾಡಿದವು. ಇದರ ಮೊದಲ ಫಲ 1991ರಲ್ಲಿ ಪ್ರಕಟವಾಯಿತು. ಇಪ್ಪತ್ತು ವರ್ಷಗಳ ಮೇಲೆ ನೋಡಲಾಗಿ, ಆ ಮಕ್ಕಳ ಗಳಿಕೆಯು ಅಂಥ ನೆರವಿಲ್ಲದೆ ಬೆಳೆದವರಿಗಿಂತ ಸುಮಾರು ಕಾಲುಭಾಗ ಹೆಚ್ಚಾಗಿತ್ತೆಂದು 2014ರಲ್ಲಿ ತಿಳಿದುಬಂದಿತು.

ಹೊತ್ತಿನ ಬೆಲೆಯನ್ನು ನಮ್ಮವರಿಗೆ ಜಮೈಕಾದವರು ಕಲಿಸಬೇಕಾಗಿಲ್ಲ. ರಾಣೆಬೆನ್ನೂರಿನ ಸುತ್ತಿನ ಹೊಲಗಳಲ್ಲಿ ಹತ್ತಿಯ ಹೈಬ್ರಿಡ್ ಬೀಜ ಮಾಡುವವರು ಸಂಜೆ ಮೊಗ್ಗಿನ ಕೇಸರ ತೆಗೆದು, ಮರುದಿನ ಮುಂಜಾನೆಯೇ ಪರಾಗ ಮುಟ್ಟಿಸುವರು. ಆ ಹೊತ್ತು ಮೀರಿದರೆ ಬೀಜ ಕಟ್ಟದೆಂಬುದನ್ನು ಬಲ್ಲರು. ಮೊಗ್ಗಿಗೆ ಹೊತ್ತುಂಟೆಂದು ಬಲ್ಲವರು ಕೂಸಿಗೂ ಹೊತ್ತುಂಟೆಂಬುದನ್ನು ಮರೆಯಬಹುದೆ? ಮೂರು ವರ್ಷದ ಮೇಲೆ ಏನೂ ಸಾಧ್ಯವಿಲ್ಲವೆಂದು ನಾನು ಹೇಳುವದಿಲ್ಲ. ಆದರೆ ಮೊದಲು ಸುಲಭವಾಗಿ ಆಗುವದು ಆಮೇಲೆ ಬಹು ಕಷ್ಟದಿಂದ ಆಗುವದು.

ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತು ನಾವೆಲ್ಲ ಹಿಗ್ಗಿದೆವು. ಆ ಕೆಂಪು ರಾಶಿಗಳ ಮುಂದೆ ಕುಳಿತು ತೊಟ್ಟು ಬಿಡಿಸುವವರು ಹೆಂಗಸರು. ಘಾಟಿನಲ್ಲಿ ಕೂಸನ್ನು ಕೂಡಿಸಿಕೊಳ್ಳುವಂತಿಲ್ಲ. ಮನೆಯಲ್ಲಿ ಬಿಟ್ಟರೆ ಎಳೆಯ ಅಕ್ಕನೊಬ್ಬಳು ಶಾಲೆ ಬಿಟ್ಟು ಅದನ್ನು ಸೊಂಟದ ಮೇಲೆ ಹೊರಬೇಕು. ಒಂದು ಕೂಸಿನ ಅನಾದರಕ್ಕಾಗಿ ಎರಡು ಮಕ್ಕಳ ಬಾಳು ಹಿಂದೆ ಬೀಳುವದು.

“ಅಂಗನವಾಡಿಗಳಿಲ್ಲವೆ?” ಎಂದು ಕೆಲವರು ಆಕ್ಷೇಪಿಸುವರು. ಉಂಟು, 1975ರಲ್ಲಿ ನಮ್ಮ ರಾಜ್ಯದ ತಿರುಮಕೂಡಲು ನರಸೀಪುರದಲ್ಲಿ ಮೊದಲಾದ ಆ ಕಾರ್ಯವು ಇಂದು ಊರೂರಿಗೂ ಹಬ್ಬಿದೆ. ಆದರೆ ಅಲ್ಲಿ ಕುಳಿತು ಕಲಿಯುವವರು ಮುಖ್ಯವಾಗಿ ಮೂರು ತುಂಬಿದ ಮಕ್ಕಳು. ಅದಕ್ಕೂ ಚಿಕ್ಕವರಿಗೆ ದೊರೆಯುವದು ಬಹುಮಟ್ಟಿಗೆ ಮನೆಗೊಯ್ಯುವ ಆಹಾರ. 2023ರಲ್ಲಿ ಸರಕಾರವು 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವದಾಗಿ ಸಾರಿತು. ಒಳ್ಳೆಯದೇ. ಆದರೆ ಅದು ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರನ್ನು ಕಣ್ಣಮುಂದಿಟ್ಟುಕೊಂಡು ಹೊರಟ ಯೋಜನೆ. ವರ್ತಕರ ಅಂಗಳದಲ್ಲಿ ಕೂಲಿ ಮಾಡುವವಳ ಕೂಸನ್ನು ವರ್ತಕರೇ ನೆನೆಯಬೇಕು.

“ಕೂಸನ್ನು ನೋಡುವದು ತಾಯಿಯ ಧರ್ಮ” ಎಂಬುದು ಇನ್ನೊಂದು ಆಕ್ಷೇಪ. ತಾಯಿಯ ಎರಡೂ ಕೈಗಳನ್ನು ಕೂಲಿಗೆ ಕೊಂಡುಕೊಂಡವರು ಅವಳಿಗೆ ಧರ್ಮ ಬೋಧಿಸುವದು ಯಾವ ನ್ಯಾಯ? 1969ರಲ್ಲಿ ಮೀರಾ ಮಹಾದೇವನ್ ಎಂಬ ಮಹಿಳೆಯು ದಿಲ್ಲಿಯಲ್ಲಿ ಕಟ್ಟಡ ಕಟ್ಟುವ ಕೂಲಿಕಾರರ ಮಕ್ಕಳು ಧೂಳಿನಲ್ಲಿ ಬಿದ್ದಿರುವದನ್ನು ಕಂಡು, ಕೆಲಸದ ಸ್ಥಳದಲ್ಲೇ ಶಿಶುಗೃಹ ತೆರೆದರು. ಅಲ್ಲಿ ಆದದ್ದು ಬ್ಯಾಡಗಿಯಲ್ಲಿ ಏಕಾಗಬಾರದು? ಒಂದು ಗಾಳಿಯಾಡುವ ಕೋಣೆ, ನಾಲ್ಕು ತೊಟ್ಟಿಲು, ಹಾಡಿ ಆಡಿಸಬಲ್ಲ ಇಬ್ಬರು ಹೆಂಗಸರು, ತಾಯಿ ಬಂದು ಮೊಲೆಯೂಡಿಸಲು ಬಿಡುವು: ಇಷ್ಟಕ್ಕೆ ಮಾರುಕಟ್ಟೆಯೇನೂ ಮುಳುಗಲಾರದು.

ಇನ್ನು ನಮ್ಮ ಮನೆಗಳ ಮಾತು. ನಮಗೆ ಬಿಡುವುಂಟು, ಗೋಡೆ ತುಂಬ ಪುಸ್ತಕಗಳುಂಟು. ಆದರೂ ಕೂಸು ಅತ್ತರೆ ಅದರ ಕೈಗೆ ಮೊಬೈಲು ಕೊಟ್ಟು ಸುಮ್ಮನಾಗುವೆವು, ಮೂರು ತುಂಬುವ ಮೊದಲೇ ಇಂಗ್ಲಿಷ್ ಅಕ್ಷರಗಳನ್ನು ಗಟ್ಟಿ ಮಾಡಿಸಿ ನೆಂಟರೆದುರು ಒಪ್ಪಿಸುವೆವು. ಮೊಬೈಲು ಹಾಡೀತು, ಕೂಸಿನ ತೊದಲಿಗೆ ಓಗೊಡಲಾರದು.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನೆರೆದಾಗ ನಾವೆಲ್ಲ ಕನ್ನಡದ ಅಭಿಮಾನದಿಂದ ಜಯಕಾರ ಮಾಡಿದೆವು. ಆ ಕನ್ನಡ ಮೊದಲು ಕಿವಿಗೆ ಬೀಳುವದು ತೊಟ್ಟಿಲಲ್ಲಿ. ತೊಟ್ಟಿಲ ಬಳಿ ಮಾತಾಡುವವರಿಲ್ಲದ ಮೇಲೆ ವೇದಿಕೆಯ ಜಯಕಾರದಿಂದ ಬಂದ ಫಲವೇನು? ಆದುದರಿಂದ ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ: ಬರುವ ಮೆಣಸಿನಕಾಯಿ ಸುಗ್ಗಿಯ ಮೊದಲು ವರ್ತಕರನ್ನು ಕಂಡು, ಒಂದಾದರೂ ಶಿಶುಗೃಹ ತೆರೆಯಿಸೋಣ, ಹಾಡಲು, ಕತೆ ಹೇಳಲು ನಮ್ಮ ಮನೆಗಳ ಹಿರಿಯರು ಸರತಿಯಂತೆ ಹೋಗಲಿ. ಕೂಸಿಗೆ ತಿಳಿಯುವದು. ತಿಳಿಯಬೇಕಾದದ್ದು ನಮಗೆ.