ನಮ್ಮ ರೊಕ್ಕಕ್ಕೆ ಬಡ್ಡಿ ಯಾಕಿಲ್ಲ?

ಕನ್ನಡದ ತರುಣರೇ, ನವಲಗುಂದದಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯ. ಕೈಗಾರಿಕೆಯ ದರ ಹಾಕುವ ಬದಲು ಹನ್ನೊಂದು ತಿಂಗಳು ವಾಣಿಜ್ಯ ದರದ ಕರೆಂಟ್ ಬಿಲ್ ಕೊಟ್ಟರು. ಸಾಲ ತಂದು ಕಟ್ಟಿದೆ. ತಪ್ಪು ಒಪ್ಪಿದ ಮೇಲೆ ಹೆಚ್ಚಿನ ಹಣವನ್ನು ಮುಂದಿನ ಬಿಲ್ಲುಗಳಲ್ಲಿ ಕಳೆದರು. ‘ಬಡ್ಡಿ?’ ಎಂದೆ. ನಕ್ಕರು!

ನಾವು ತಡಮಾಡಿದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಕೀಳುತ್ತಾರೆ. ಅವರು ನಮ್ಮ ಹಣ ಇಟ್ಟುಕೊಂಡರೆ ಬರೀ ನಗೆಯೇ? 2003ರ ವಿದ್ಯುತ್ ಕಾಯ್ದೆಯ 62(6)ನೇ ಕಲಂ ನೋಡಿ: ನಿಗದಿತ ದರ ಮೀರಿ ವಸೂಲಿ ಮಾಡಿದ್ದನ್ನು ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಬಡ್ಡಿ ಸಮೇತ ಮರಳಿಸಬೇಕು. ಅದೂ ಕಡಿಮೆಯೇ ಅನ್ನಿ. ನಮ್ಮಿಂದ ಕೀಳುವ ದರವೇ ನಮಗೂ ಸಿಗಲಿ!

ನೀರು ಕಾಣದ ಹೊಲಕ್ಕೂ ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರ ಹೇರಿದ್ದಕ್ಕೆ 1980ರ ಜುಲೈ 21ರಂದು ರೈತರು ಸಿಡಿದೆದ್ದ, ಗುಂಡೇಟು ತಿಂದ ಊರಿದು.

ಹುಬ್ಬಳ್ಳಿ, ಬೆಂಗಳೂರಲ್ಲಿರುವ ನೀವು ಊರಿಗೆ ಬಂದಾಗ ಅಪ್ಪನ ಹಳೇ ಬಿಲ್ಲು ತೆಗೆಯಿರಿ. ತಪ್ಪಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆಗೆ ಕನ್ನಡದಲ್ಲೇ ಅರ್ಜಿ ಬರೆಯಿರಿ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ‘ಕನ್ನಡದಲ್ಲಿ ಕೊಡಿ’ ಎಂದು ವಾಪಸ್ ಕಳಿಸಿ. ನನ್ನ ಅರ್ಜಿಯ ನೂರು ಪ್ರತಿ ಅಚ್ಚು ಹಾಕಿಟ್ಟಿದ್ದೇನೆ. ಬಂದು ಒಯ್ಯಿರಿ, ಪುಕ್ಕಟೆ.