ಬಾಣಂತಿಯ ನೋವು ಸಹನೆಯ ಪರೀಕ್ಷೆಯಲ್ಲ

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್‌ಗೆ ಒಳಗಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಮೃತಪಟ್ಟಾಗ ರಾಜ್ಯವೇ ಬೆಚ್ಚಿ ಬಿದ್ದಿತ್ತು. ಅವರಿಗೆ ನೀಡಲಾದ ಐವಿ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿತು. ತನಿಖೆ, ಅಮಾನತು, ಆರೋಪ-ಪ್ರತ್ಯಾರೋಪ ಎಲ್ಲವೂ ನಡೆದುವು. ನಡೆಯಲೇಬೇಕಿತ್ತು. ಆದರೆ ಸಾವು ಸಂಭವಿಸಿದಾಗ ಮಾತ್ರ ಹೆರಿಗೆ ವಾರ್ಡಿನತ್ತ ತಿರುಗುವ ನಮ್ಮ ದೃಷ್ಟಿಯು, ಬದುಕಿ ಮನೆಗೆ ಮರಳುವ ಅಸಂಖ್ಯ ತಾಯಂದಿರು ಅಲ್ಲಿ ಏನನ್ನು ಅನುಭವಿಸಿದರು ಎಂಬುದರತ್ತ ಎಂದಾದರೂ ಹರಿದಿದೆಯೇ? ಸಾವಿನ ಲೆಕ್ಕವನ್ನಾದರೂ ಇಡುತ್ತೇವೆ. ನೋವಿನ ಲೆಕ್ಕವನ್ನು ಯಾರು ಇಡುತ್ತಾರೆ?

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ನಡೆದ ಹೆರಿಗೆಗಳಲ್ಲಿ 31.5 ಶೇಕಡಾ ಸಿಸೇರಿಯನ್. ಅದಕ್ಕಿಂತ ಹಿಂದಿನ ಸಮೀಕ್ಷೆಯಲ್ಲಿ (2015-16) ಇದು 23.6 ಶೇಕಡಾ ಆಗಿತ್ತು. ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಶಸ್ತ್ರಕ್ರಿಯೆಯ ಮೂಲಕವೇ ಆಗುತ್ತಿವೆ. ಇವುಗಳಲ್ಲಿ ಎಷ್ಟು ಅಗತ್ಯ, ಎಷ್ಟು ಅನಗತ್ಯ ಎಂಬ ಚರ್ಚೆ ಬೇರೆಯೇ ಇದೆ. ಅದು ನಡೆಯಲಿ. ಆದರೆ ಶಸ್ತ್ರಕ್ರಿಯೆ ಮುಗಿದು ಮಂಚದ ಮೇಲೆ ಮಲಗಿರುವ ತಾಯಿಗೆ ಆ ಚರ್ಚೆಯಿಂದ ಏನೂ ಸಿಗುವುದಿಲ್ಲ. ಆಕೆಗೆ ಬೇಕಿರುವುದು ನೋವಿನಿಂದ ಬಿಡುಗಡೆ.

ವಿಚಿತ್ರವೇನೆಂದರೆ, ಸಿಸೇರಿಯನ್ ಮಾಡಿಸಿಕೊಂಡವಳನ್ನು 'ನೋವಿಲ್ಲದೆ ಹೆತ್ತವಳು' ಎಂದು ಕರೆಯುವ ರೂಢಿ ನಮ್ಮ ಮನೆಗಳಲ್ಲಿದೆ. ನಿಜವಾಗಿ, ಚರ್ಮದಿಂದ ಗರ್ಭಾಶಯದವರೆಗಿನ ಪದರಗಳನ್ನು ಒಂದೊಂದಾಗಿ ತೆರೆದು, ಮಗುವನ್ನು ಹೊರತೆಗೆದು, ಮತ್ತೆ ಹೊಲಿಯುವ ದೊಡ್ಡ ಶಸ್ತ್ರಕ್ರಿಯೆ ಅದು. ಅಪೆಂಡಿಕ್ಸ್ ಶಸ್ತ್ರಕ್ರಿಯೆಗೆ ಒಳಗಾದ ಗಂಡಸನ್ನು ಮನೆಯವರು ವಾರಗಟ್ಟಲೆ ಎದ್ದೇಳಲು ಬಿಡುವುದಿಲ್ಲ. ಅದಕ್ಕಿಂತ ದೊಡ್ಡ ಗಾಯವನ್ನು ಹೊತ್ತ ಹೆಣ್ಣು ಮಾತ್ರ ಅದೇ ದಿನ ಮಗುವಿಗೆ ಹಾಲೂಡಿಸಬೇಕು, ಮರುದಿನ ನಡೆಯಬೇಕು, ನೋಡಲು ಬಂದವರನ್ನು ನಗುಮುಖದಿಂದ ಮಾತಾಡಿಸಬೇಕು. ನರಳಿದರೆ, 'ಜಗತ್ತಿನಲ್ಲಿ ನೀನೊಬ್ಬಳೇ ಹೆತ್ತದ್ದಾ' ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ.

ಅಷ್ಟಕ್ಕೂ, ಈ ನೋವು ಅನಿವಾರ್ಯವೇನೂ ಅಲ್ಲ. ಇಂದು ವೈದ್ಯ ವಿಜ್ಞಾನದ ನಿಲುವು ಸ್ಪಷ್ಟವಿದೆ. ನೋವು ತಡೆಯಲಾರದಷ್ಟು ಏರಿದ ಮೇಲೆ ಮಾತ್ರೆ ಕೊಡುವುದಲ್ಲ, ಏರದಂತೆ ಗಡಿಯಾರ ನೋಡಿ ಕೊಡುವುದೇ ಸರಿಯಾದ ಕ್ರಮ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್‌ನಂತಹ ಮಾತ್ರೆಗಳನ್ನು ಮೊದಲ ಕೆಲವು ದಿನ ನಿಗದಿತ ಹೊತ್ತಿಗೆ ಕ್ರಮವಾಗಿ ನೀಡಿದರೆ ಹೆಚ್ಚಿನ ತಾಯಂದಿರಿಗೆ ಬಲವಾದ ಔಷಧಗಳ ಅಗತ್ಯ ಬಹಳ ಕಡಿಮೆಯಾಗುತ್ತದೆ. ಬೆನ್ನಿಗೆ ನೀಡುವ ಅರಿವಳಿಕೆಯಲ್ಲೇ ಅತ್ಯಲ್ಪ ಪ್ರಮಾಣದ ಮಾರ್ಫಿನ್ ಸೇರಿಸಿದರೆ ಸುಮಾರು 12ರಿಂದ 24 ಗಂಟೆಗಳ ಕಾಲ ನೋವು ಹತೋಟಿಯಲ್ಲಿರುತ್ತದೆ. ಮಾರ್ಫಿನ್ ಇಲ್ಲದ ಕಡೆ, ಗಾಯದ ಸುತ್ತ ಅಥವಾ ಹೊಟ್ಟೆಯ ಸ್ನಾಯುಪದರಗಳ ನಡುವೆ ಮರಗಟ್ಟಿಸುವ ಔಷಧವನ್ನು ನೀಡುವ ವಿಧಾನವಿದೆ. 1985ರ ಮಾದಕ ವಸ್ತು ಕಾನೂನಿನ ಬಿಗಿ ನಿಯಮಗಳಿಂದಾಗಿ ಮಾರ್ಫಿನ್ ಆಸ್ಪತ್ರೆಗಳಿಗೆ ದುರ್ಲಭವಾಗಿತ್ತು. 2014ರ ತಿದ್ದುಪಡಿಯು ಆ ಬಿಗಿಯನ್ನು ಸಡಿಲಿಸಿತು. ಹೀಗಿರುವಾಗ, ಕೊರತೆ ಇರುವುದು ಔಷಧದ್ದೋ ಅಥವಾ ಹೆಣ್ಣಿನ ನೋವನ್ನು ನೋವೆಂದು ಒಪ್ಪುವ ಮನಸ್ಸಿನದ್ದೋ?

ಮಾತ್ರೆ ನುಂಗಿದರೆ ಹಾಲಿನ ಮೂಲಕ ಮಗುವಿಗೆ ವಿಷ ಹೋಗುತ್ತದೆ ಎಂಬ ಭಯ ಅನೇಕ ತಾಯಂದಿರನ್ನು ಕಾಡುತ್ತದೆ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಎದೆಹಾಲಿಗೆ ಸೇರುವ ಪ್ರಮಾಣ ಅತ್ಯಲ್ಪ. ಹಾಲೂಡಿಸುವ ತಾಯಿಗೆ ಇವು ಸುರಕ್ಷಿತ. ಎಚ್ಚರ ವಹಿಸಬೇಕಾದದ್ದು ಕೋಡೀನ್ ಮತ್ತು ಟ್ರಮಡಾಲ್‌ನಂತಹ ಔಷಧಗಳ ಬಗ್ಗೆ. ಹಾಲೂಡಿಸುವವರು ಇವನ್ನು ಸೇವಿಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2017ರಲ್ಲಿ ಎಚ್ಚರಿಸಿದೆ. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಆಸ್ತಮಾ ಅಥವಾ ರಕ್ತದೊತ್ತಡ ಇರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಬೆನ್ನಿನ ಇಂಜೆಕ್ಷನ್‌ನಿಂದ ಜೀವನಪರ್ಯಂತ ಬೆನ್ನುನೋವು ಬರುತ್ತದೆ ಎಂಬುದೂ ಆಧಾರವಿಲ್ಲದ ಮಾತು. ಆದರೆ ಎದ್ದು ಕೂತಾಗ ಹೆಚ್ಚಾಗಿ ಮಲಗಿದಾಗ ತಗ್ಗುವ ತಲೆನೋವು ಕಾಣಿಸಿದರೆ ಅದು ಆ ಇಂಜೆಕ್ಷನ್‌ನದ್ದಾಗಿರಬಹುದು. ಅದಕ್ಕೂ ಚಿಕಿತ್ಸೆಯಿದೆ.

ಇನ್ನು ನಮ್ಮ ಸಮುದಾಯದಲ್ಲಿ ಕೇಳಿಬರುವ ಇನ್ನೊಂದು ಮಾತಿದೆ. 'ಸಬ್ರ್ ಮಾಡು, ಪ್ರತಿಫಲವಿದೆ' ಎಂಬುದು. ಸಹನೆಗೆ ಪ್ರತಿಫಲವಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಸಹನೆ ಎಂದರೆ ಚಿಕಿತ್ಸೆಯನ್ನು ನಿರಾಕರಿಸುವುದು ಎಂದು ಅರ್ಥೈಸಿದವರು ಯಾರು? ಹಲ್ಲುನೋವಿಗೆ ಮಧ್ಯರಾತ್ರಿ ಔಷಧದಂಗಡಿ ಹುಡುಕುವ ಗಂಡಸು, ಪತ್ನಿಯ ಹೊಲಿಗೆಯ ನೋವಿಗೆ ಮಾತ್ರ ಉಪದೇಶವನ್ನು ತರುವುದು ಯಾವ ನ್ಯಾಯ? ಖರ್ಜೂರದ ಮರದ ಬುಡದಲ್ಲಿ ಹೆರಿಗೆ ನೋವಿನಿಂದ ಕೂಗಿಕೊಂಡ ಮರ್ಯಮರ ವೃತ್ತಾಂತ ಕುರ್‌ಆನ್‌ನಲ್ಲಿದೆ. ಅವರ ಕೂಗಿಗೆ ಬಂದ ಉತ್ತರ ಗದರಿಕೆಯಾಗಿರಲಿಲ್ಲ. ಸಾಂತ್ವನವಾಗಿತ್ತು, ನೀರಾಗಿತ್ತು, ಹಣ್ಣಾಗಿತ್ತು. ಬಾಣಂತಿಗೆ ನಮಾಝ್ ಮತ್ತು ಉಪವಾಸದಿಂದಲೇ ವಿನಾಯಿತಿ ಇದೆ. ದೇವನು ಕೊಟ್ಟ ವಿನಾಯಿತಿಯನ್ನು ಅಡುಗೆಮನೆಯು ಕೊಡದಿರುವುದನ್ನು ಏನೆಂದು ಕರೆಯೋಣ?

ಪ್ರೀತಿಯಿಂದಲೇ ಮಾಡುವ ಕೆಲವು ಆರೈಕೆಗಳೂ ನೋವನ್ನು ಹೆಚ್ಚಿಸುತ್ತವೆ. ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಪದ್ಧತಿ ಅನೇಕ ಮನೆಗಳಲ್ಲಿದೆ. ಇದರಿಂದ ಮಲಬದ್ಧತೆಯಾಗಿ, ಮುಕ್ಕುವಾಗ ಹೊಲಿಗೆಯ ನೋವು ಇಮ್ಮಡಿಸುತ್ತದೆ. ಹಸಿಗಾಯದ ಮೇಲೆ ಬಿಸಿನೀರು ಸುರಿಯುವುದು, ಉಸಿರು ಕಟ್ಟುವಂತೆ ಹೊಟ್ಟೆಗೆ ಬಟ್ಟೆ ಬಿಗಿಯುವುದು ಸಲ್ಲದು. ಬದಲಾಗಿ, ಏಳುವಾಗ ಪಕ್ಕಕ್ಕೆ ಹೊರಳಿ ಕೈಯೂರಿ ಏಳುವುದು, ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯುವುದು, ಮಗುವನ್ನು ಗಾಯದ ಮೇಲೆ ಬಾರದಂತೆ ಕಂಕುಳಡಿಯಲ್ಲಿ ಹಿಡಿದು ಹಾಲೂಡಿಸುವುದು, ಮಗುವಿಗಿಂತ ಭಾರವಾದುದನ್ನು ಎತ್ತದಿರುವುದು ಬಹಳ ಉಪಕಾರಿ. ಯಲಹಂಕದಿಂದ ಹೆಬ್ಬಾಳದ ದಟ್ಟಣೆಯನ್ನು ದಾಟಿ ಆರ್.ಟಿ. ನಗರದ ತವರಿಗೆ ಆಟೋದಲ್ಲಿ ಹೋಗುವ ಬಾಣಂತಿಗೆ ಪ್ರತಿಯೊಂದು ರಸ್ತೆಯುಬ್ಬೂ ಒಂದು ಶಿಕ್ಷೆ. ಆಕೆಯ ಮಡಿಲಲ್ಲೊಂದು ದಿಂಬು ಇರಲಿ, ಹೊರಡುವ ಮುನ್ನ ಆ ಹೊತ್ತಿನ ಮಾತ್ರೆ ಸೇವಿಸಿರಲಿ.

ಹಾಗಂತ, ಎಲ್ಲ ನೋವನ್ನೂ ಮಾತ್ರೆಯಿಂದ ಅಡಗಿಸಬಾರದು. ದಿನಗಳೆದಂತೆ ತಗ್ಗಬೇಕಾದ ನೋವು ಏರುತ್ತಿದ್ದರೆ, ಜ್ವರ ಬಂದರೆ, ಗಾಯದಲ್ಲಿ ಕೀವು ಅಥವಾ ದುರ್ವಾಸನೆ ಇದ್ದರೆ, ರಕ್ತಸ್ರಾವ ಹೆಚ್ಚಾದರೆ, ಒಂದು ಕಾಲು ಮಾತ್ರ ಊದಿಕೊಂಡು ನೋಯುತ್ತಿದ್ದರೆ, ಉಸಿರಾಟ ಕಷ್ಟವಾದರೆ, ಕಣ್ಣು ಮಂಜಾಗುವಷ್ಟು ತಲೆನೋವು ಬಂದರೆ ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ನೋವನ್ನು ಹೇಳಿಕೊಳ್ಳಲು ಹೆದರುವ ತಾಯಿ ಈ ಸೂಚನೆಗಳನ್ನೂ ಮುಚ್ಚಿಡುತ್ತಾಳೆ ಎಂಬುದೇ ಇಲ್ಲಿರುವ ದೊಡ್ಡ ಅಪಾಯ. ನೋವಿಗೆ ಹೆದರಿ ಮಂಚ ಬಿಟ್ಟು ಏಳದವಳ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯೂ ಹೆಚ್ಚು.

ಸರಕಾರದ ಹೊಣೆಯೂ ಇದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧ, ಪರೀಕ್ಷೆಗಳು ಉಚಿತ. 7 ದಿನಗಳವರೆಗಿನ ಆಹಾರವೂ ಮನೆಗೆ ಮರಳುವ ವಾಹನವೂ ಉಚಿತ. ನೋವಿನ ಮಾತ್ರೆಯನ್ನು ಹೊರಗಿನಿಂದ ತರಲು ಚೀಟಿ ಬರೆದುಕೊಟ್ಟರೆ ಪ್ರಶ್ನಿಸುವ ಹಕ್ಕು ನಮಗಿದೆ. ಹೆರಿಗೆ ಕೊಠಡಿ ಮತ್ತು ಶಸ್ತ್ರಕ್ರಿಯಾ ಕೊಠಡಿಗಳ ಗುಣಮಟ್ಟ ಹಾಗೂ ತಾಯಿಯ ಘನತೆಗಾಗಿ 2017ರಲ್ಲಿ 'ಲಕ್ಷ್ಯ' ಯೋಜನೆಯೂ ಬಂದಿದೆ. ಆದರೆ ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವನ ಪತ್ನಿ, ಹೆಬ್ಬಾಳದ ಅಪಾರ್ಟ್‌ಮೆಂಟ್‌ಗಳಲ್ಲಿ ಪಾತ್ರೆ ತೊಳೆಯುವವಳು, ಉರ್ದು ಬಿಟ್ಟರೆ ಬೇರೆ ಭಾಷೆ ಬಾರದ ಗೃಹಿಣಿ ಇವರೆಲ್ಲ ತಮ್ಮ ನೋವನ್ನು ಯಾವ ಭಾಷೆಯಲ್ಲಿ ಹೇಳಬೇಕು? ರಕ್ತದೊತ್ತಡ ಅಳೆಯುವಾಗಲೆಲ್ಲ 'ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ' ಎಂದು ಬೆರಳು ತೋರಿಸಿ ಕೇಳಿ ಚೀಟಿಯಲ್ಲಿ ಬರೆದಿಡಲು ಹಣವೇನೂ ಬೇಕಾಗಿಲ್ಲ.

ಶಿವಾಜಿನಗರದ ಗೋಷಾ ಆಸ್ಪತ್ರೆಗೆ ಹಾಜಿ ಸರ್ ಇಸ್ಮಾಯಿಲ್ ಸೇಠ್‌ರ ಹೆಸರಿದೆ. ಪರದೆಯ ಕಾರಣದಿಂದ ಹೆಣ್ಣು ಚಿಕಿತ್ಸೆಯಿಂದ ವಂಚಿತಳಾಗಬಾರದು ಎಂಬ ಕಾಳಜಿ ಆ ಹೆಸರಿನ ಹಿಂದಿದೆ. ಅಂದು ಆಕೆಯನ್ನು ಆಸ್ಪತ್ರೆಯ ಬಾಗಿಲಿಗೆ ಕರೆತರಬೇಕಿತ್ತು. ಇಂದು ಆಕೆ ಒಳಗಿದ್ದಾಳೆ, ಆದರೆ ಅವಳ ಮಾತು ಇನ್ನೂ ಹೊರಗಿದೆ. ಮದುವೆಗೆ ಮುನ್ನ ವರನಿಗೆ ಹಕ್ಕು-ಬಾಧ್ಯತೆಗಳನ್ನು ಕಲಿಸುವ ನಮ್ಮ ಜಮಾಅತ್‌ಗಳು ಬಾಣಂತಿಯ ಆರೈಕೆಯ ಪಾಠವನ್ನೂ ಅದರಲ್ಲಿ ಸೇರಿಸಲಿ. ಶುಕ್ರವಾರದ ಮಿಂಬರ್ ಒಮ್ಮೆಯಾದರೂ ಗಂಡಸರಿಗೆ ಇದನ್ನು ಹೇಳಲಿ. ತಾಯಿಯ ಪಾದದಡಿ ಸ್ವರ್ಗವಿದೆ ಎಂದು ಭಾಷಣ ಮಾಡುವ ನಾವು, ಆ ಪಾದಗಳು ಮಂಚದಿಂದ ನೆಲಕ್ಕೆ ಇಳಿಯಲು ಎಷ್ಟು ನೋಯುತ್ತಿವೆ ಎಂದು ಕೇಳದಿದ್ದರೆ ಆ ಭಾಷಣಕ್ಕೆ ಅರ್ಥವೇನು?